ಎದುರು ಮನೆಗೆ ಹೋದ ಜೆರೇನಿಯಂ

ಜೆರೇನಿಯಂ ಎಂದರೆ ನರ್ಸರಿಯವರು ಕುಂಡದಲ್ಲಿಟ್ಟು ಮಾರುವ ಕೆಂಪು ಹೂವಿನ ಗಿಡ ಎಂದೇ ನಾನು ತಿಳಿದಿದ್ದೆ. ನನ್ನ ತಂಗಿ ಬೆಟ್ಟದ ಊರೊಂದರಿಂದ ತಂದದ್ದು ಬೇರೆ ಜಾತಿ. ವರ್ಷಗಟ್ಟಲೆ ನೆಲದಲ್ಲೇ ಇರುತ್ತದೆ. ಎಲೆ ಒಣಗಿದರೂ ಬೇರು ಬದುಕಿದ್ದು ಮತ್ತೆ ಚಿಗುರುತ್ತದೆ, ತಿಳಿನೇರಳೆ ಹೂ ಬಿಡುತ್ತದೆ. "ಹಿಮಾ ಬಿದ್ರೂ ಸಾಯೂದಿಲ್ಲಂತ," ಎನ್ನುತ್ತ ಭಾಗ್ಯನಗರದ ನನ್ನ ಮನೆಯ ಅಂಗಳದಲ್ಲಿ, ಬೇವಿನ ನೆರಳಿಗೆ, ಅವಳೇ ನೆಟ್ಟಳು. ಆ ಗುಣವನ್ನು ತೋರಿಸಲು ಹಿಮವೇ ಬೀಳದ ನಮ್ಮೂರಿನ ಹವೆ ಗಿಡಕ್ಕೆ ಅವಕಾಶ ಕೊಡಲಿಲ್ಲ.

ಎರಡು ವರ್ಷದಲ್ಲಿ ಅದು ಬುಟ್ಟಿಯಗಲ ಹರಡಿತು. ಒಂದು ಬೆಳಿಗ್ಗೆ ನೋಡಿದರೆ ಅಂಚಿನಲ್ಲಿ ಒಂದು ಹಿಡಿ ಗಿಡ ಇಲ್ಲ, ಗುಳಿ ಇದೆ. ಎದುರು ಮನೆಯಾಕೆಯನ್ನು ಕೇಳಿದೆ. ಆಕೆ ಸುಳ್ಳು ಹೇಳಲಿಲ್ಲ.

"ಹೌದ್ರಿ ಅಕ್ಕಾರ, ನಾನ ತಗೊಂಡೀನಿ. ಬೇಡಿ ತಂದ ಗಿಡ ಹತ್ತೂದಿಲ್ರಿ. ಕದ್ದು ತಂದ್ರನ ಹತ್ತತೈತಿ."

ಕದ್ದ ಗಿಡವೇ ಬೇರು ಹಿಡಿಯುತ್ತದೆ ಎಂಬ ಈ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕುಷ್ಟಗಿಯ ನೆಂಟರ ಮನೆಯಿಂದ ಮಲ್ಲಿಗೆ ಕಡ್ಡಿಯನ್ನು ನಾನೂ ಹೀಗೇ ತಂದವಳು. ಆದರೆ ತಂಗಿ ತೀರಿಕೊಂಡು ಆಗ ತಿಂಗಳೂ ಆಗಿರಲಿಲ್ಲ, ಅವಳ ಕೈಯಿಂದ ನೆಟ್ಟದ್ದು ಅದೊಂದೇ. ಓಣಿಯ ನಡುವೆ ನಿಂತು ಆಕೆಯನ್ನು ಕಳ್ಳಿ ಎಂದೆ. ಶಾಲೆಯಲ್ಲಿ ಕಲಿಸುವವಳ ದನಿ, ಮೂರು ಓಣಿಗೆ ಕೇಳಿಸಿತು. ಅಂದಿನಿಂದ ಮಾತು ಬಿಟ್ಟೆ.

ಉಳಿದ ಗಿಡವನ್ನು ನಾನು ಕೈಯಾರೆ ಕೊಂದೆ. ಬೇಸಿಗೆಯಲ್ಲಿ ಎಲೆ ಒಣಗತೊಡಗಿದಾಗ ಅದರ ಪಾಡಿಗೆ ಬಿಟ್ಟಿದ್ದರೆ ಸಾಕಿತ್ತು. ನಾನು ಮೂರು ಹೊತ್ತು ನೀರು ಹಾಕಿದೆ. ಎರೆಮಣ್ಣು ಆ ನೀರನ್ನೆಲ್ಲ ಹಿಡಿದಿಟ್ಟುಕೊಂಡಿತು. ತೋಡಿ ನೋಡಿದಾಗ ಬೇರು ಕೊಳೆತು ಬೆರಳಿಗೆ ಮೆತ್ತಿಕೊಂಡಿತು. ಅಲ್ಲೇ ಕೂತು ಅತ್ತೆ. ತಂಗಿ ಹೋದಾಗ ಬಂದವರಿಗೆಲ್ಲ ಸಮಾಧಾನ ಹೇಳುವುದರಲ್ಲಿ ನನ್ನ ಅಳು ಬಾಕಿ ಉಳಿದಿತ್ತು.

ಎದುರು ಮನೆಯ ಕರಿಬೇವಿನ ಕೆಳಗೆ, ಕದ್ದ ಹಿಡಿ ಮಾತ್ರ ಮೊದಲ ಮಳೆಗೆ ಹೊಸ ಎಲೆ ಬಿಟ್ಟು ಸೊಕ್ಕಿ ನಿಂತಿತ್ತು. ಆಕೆ ಅದಕ್ಕೆ ಮಾಡಿದ ಆರೈಕೆಯೆಂದರೆ ಅದನ್ನು ಮರೆತದ್ದು. ಒಂದು ವಾರ ಕಿಟಕಿಯಿಂದ ನೋಡಿದೆ. ಯಾವ ಮುಖ ಹೊತ್ತು ಕೇಳುವುದು? ಕೊನೆಗೆ ಒಂದು ಮಧ್ಯಾಹ್ನ, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಆಕೆಯ ಗೇಟು ತೆಗೆದೆ.

ಆಕೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕಾಲ ಬಳಿ ಕಳೆ ಕೀಳುವ ಖುರ್ಪಿ ಬಿದ್ದಿತ್ತು. ನನ್ನನ್ನು ನೋಡಿದಳು, ನನ್ನ ಖಾಲಿ ಅಂಗಳವನ್ನು ನೋಡಿದಳು.

"ನಂದ ತಪ್ಪಾತ್ರಿ," ಎಂದೆ. "ಅದರಾಗ ಒಂದೀಟು ಬೇರು..."

"ಕೇಳಬ್ಯಾಡ್ರಿ ಅಕ್ಕಾರ. ಕೇಳಿದ್ರ ಹತ್ತೂದಿಲ್ಲ."

ಖುರ್ಪಿಯನ್ನು ಕಾಲಿನಿಂದ ನನ್ನತ್ತ ಸರಿಸಿ, ಮೊರ ಎತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಳು. ನಾನು ಕರಿಬೇವಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಅಗೆಯತೊಡಗಿದೆ. ಕಣ್ಣು ಮಂಜಾಗಿ ಬೇರು ಎಲ್ಲಿ, ಮಣ್ಣು ಎಲ್ಲಿ ತಿಳಿಯುತ್ತಿರಲಿಲ್ಲ.

"ಅವಸರ ಮಾಡಬ್ಯಾಡ್ರಿ," ಎಂದು ಆಕೆ ಗೋಡೆಗೆ ಹೇಳಿದಳು. "ಮಣ್ಣ ಸಮೇತ ಎತ್ರಿ. ನಾ ಇನ್ನೂ ನೋಡಿಲ್ಲ."