ಎರಡನೇ ಸಲ ಕೇಳಿದಾಗ

ಖಿನ್ನತೆ ಪತ್ತೆಹಚ್ಚೋ ಪ್ರಶ್ನೆಗಳನ್ನ ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದರು. ಅವು ನಮ್ಮ ಜನಕ್ಕೆ ಒಗ್ಗುತ್ತವೋ ಇಲ್ಲವೋ ನೋಡೋ ಕೆಲಸ ನನ್ನದು. ಹಳ್ಳಿ ಆಸ್ಪತ್ರೆಗೆ ಜ್ವರ, ಸೊಂಟನೋವು ಅಂತ ಬಂದವರನ್ನ ಕೂರಿಸಿಕೊಂಡು ಕೇಳಬೇಕು. ಎರಡು ವಾರ ಬಿಟ್ಟು ಅವರನ್ನೇ ಕರೆಸಿ ಮತ್ತೆ ಅದನ್ನೇ ಕೇಳಬೇಕು. ಉತ್ತರ ತಾಳೆಯಾದರೆ ಪ್ರಶ್ನೆ ಸರಿಯಿದೆ ಅಂತ ಲೆಕ್ಕ. ಎಲ್ಲಿಯ ಕರ್ಮ!

ಬಡವನಹಳ್ಳಿ ಕಡೆಯ ಒಬ್ಬ ಸೊಸೆ ತಲೆನೋವಿನ ಮಾತ್ರೆಗೆ ಬಂದಿದ್ದಳು. ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಮೊದಲ ಪ್ರಶ್ನೆಗೇ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ಬದುಕೋಕೇ ಮನಸಿಲ್ಲ ಕಣಕ್ಕಾ" ಅಂದಳು. ಮನೆಯವರಿಗೆ ಹೇಳೋಕೆ ಅವಳನ್ನ ಒಪ್ಪಿಸಿ, ಹೊರಗಿದ್ದ ಅತ್ತೆಯನ್ನ ಕರೆದು, ಒಂಟಿಯಾಗಿ ಬಿಡಬೇಡಿ, ನಾಳೆಯೇ ಮಧುಗಿರಿಗೆ ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿ ಅಂತ ಗಿಣಿಗೆ ಹೇಳಿದಂಗೆ ಹೇಳಿದೆ.

ಅವರು ಮೊರೆಹೋಗಿದ್ದು ಮನೆದೇವರಿಗೆ.

ಎರಡನೇ ಸಲ ಬಂದಾಗ ಸೊಸೆ ಎಲ್ಲಕ್ಕೂ "ಚೆನ್ನಾಗಿದೀನಿ" ಅಂದಳು. ಕಣ್ಣು ಗುಳಿಬಿದ್ದಿದ್ದವು. ಅತ್ತೆ ಸಮಜಾಯಿಷಿ ಕೊಟ್ಟಳು: "ಮುಡಿಪು ಕಟ್ಟೀವಿ ಕಣಮ್ಮ. ದೇವರಿಗೆ ಒಪ್ಸೋಗಂಟ ಕಷ್ಟ ಅನ್ನೋ ಮಾತು ಬಾಯಲ್ಲಿ ಬರಬಾರ್ದು. ಡಾಕ್ಟ್ರು ಗೀಕ್ಟ್ರು ಆಮೇಲೆ ನೋಡಾನ ಬುಡು."

ಕೆಟ್ಟವಳೇನಲ್ಲ ಆಕೆ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ನಮ್ಮ ಜೊತೆ ಬಂದಿದ್ದ ಮನೋವೈದ್ಯರ ಮುಂದೆ ಸೊಸೆಯನ್ನ ಕೂರಿಸಿದೆ. ಅವರು ಎಷ್ಟು ಮೆಲ್ಲಗೆ ಕೇಳಿದರೂ ಅದೇ ಉತ್ತರ. ಮಾತ್ರೆ ಕೊಡುತ್ತೀನಿ ಅಂದರೆ ಇಬ್ಬರೂ ಬೇಡ ಅಂದರು. "ಬಲವಂತ ಮಾಡೋಕಾಗಲ್ಲಮ್ಮ" ಅಂತ ಡಾಕ್ಟರು ಕೈಚೆಲ್ಲಿದರು. ಆಮೇಲೆ ನಮ್ಮ ಮೀಟಿಂಗಿನಲ್ಲಿ, ಉತ್ತರ ತಾಳೆಯಾಗದ ಆ ಪ್ರಶ್ನೆಯನ್ನ ಹೆಂಗೆ ತಿದ್ದೋದು ಅಂತ ಮಧ್ಯಾಹ್ನದವರೆಗೂ ಚರ್ಚೆ. ಥೂ! ಆ ಹುಡುಗಿ ಗತಿಯೇನು ಅಂತ ನಾನು ಕೇಳಿದರೆ, ಅದು ಇವತ್ತಿನ ವಿಷಯ ಅಲ್ಲ ಅಂದರು.

ಮುಡಿಪು ಒಪ್ಪಿಸಿ ಬಂದರು ಅಂತ ಅವರೂರಿನ ಆಶಾ ಕಾರ್ಯಕರ್ತೆ ಫೋನ್ ಮಾಡಿದ ಕೂಡಲೇ ಬಸ್ಸು ಹತ್ತಿದೆ. ಇನ್ನಾದರೂ ಬಾಯಿಬಿಡುತ್ತಾಳೆ, ಕೈಹಿಡಿದು ಮಧುಗಿರಿಗೆ ಕರೆದುಕೊಂಡು ಹೋಗೋಣ ಅಂತ ನನ್ನ ಆಸೆ. ಅತ್ತೆ ನಗುನಗುತ್ತಾ ಬಾಗಿಲಿಗೆ ಬಂದಳು. "ದೇವ್ರು ಕಣ್ಬುಟ್ಟ ಕಣಮ್ಮ. ಈಗ ಅಳಾದೇ ಇಲ್ಲ."

ಸೊಸೆ ನಡುಮನೆಯ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಕೂತು, "ಈಗ ಹೇಳಬಹುದಲ್ಲಮ್ಮ, ಹೇಳು" ಅಂದೆ. ನನ್ನ ಮುಖವನ್ನೇ ನೋಡುತ್ತಿದ್ದಳು. ಮತ್ತೆ ಕೇಳಿದೆ.

"ಏನ್ ಕೇಳಿದ್ರೂ ಮಾತೇ ಆಡಲ್ಲ ಕಣಮ್ಮ" ಅಂದಳು ಅತ್ತೆ, "ಅಷ್ಟು ನೆಮ್ಮದಿ."