ಬೇಸಿಗೆಯ ಜಿಗಣೆ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಬಾಯಿ ತೆರೆದರೆ ಅವರ ಮುಖದ ಮುಂದೆಯೇ ನಗುತ್ತಿದ್ದವನು ನಾನು. ದೆವ್ವವನ್ನು ಈಗಲೂ ನಂಬುವುದಿಲ್ಲ. ಆದರೆ ಶಹಾಬಾದಿನ ಒಂದು ಮಧ್ಯಾಹ್ನ ನೆನಪಾದರೆ ನಗು ಬರುವುದಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಿಜಾಮರ ಕಾಲ. ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆ. ಭಂಕೂರ ಹಾದಿಯ ಫರಸಿ ಕಲ್ಲಿನ ಗಣಿಯೊಂದರ ದವಾಖಾನೆಯಲ್ಲಿ ನಾನು ಕಂಪೌಂಡರ್. ಬರ್ಮಾದ ಕಾಡಿನ ಕಾಳಗದಿಂದ ಮರಳಿದ ಶರಣಪ್ಪ ಎಂಬಾತ ಅಲ್ಲಿ ಕಲ್ಲು ಒಡೆಯುತ್ತಿದ್ದ. ಮದ್ದಿಟ್ಟು ಕಲ್ಲು ಸಿಡಿಸಿದಾಗಲೆಲ್ಲ ನೆಲಕ್ಕೆ ಬಿದ್ದು ನಡುಗುತ್ತಿದ್ದ, ಅರ್ಧ ದಿನ ಏಳುತ್ತಿರಲಿಲ್ಲ. ನಿಜವಾದ ಬೇನೆಯಾದರೆ ದವಾಖಾನೆಯಲ್ಲೇ ಹಗುರ ಕೆಲಸ, ನಟನೆಯಾದರೆ ವಜಾ ಎಂದು ಮಾಲೀಕರ ಹುಕುಂ ಆಯಿತು. ನಮ್ಮ ಡಾಕ್ಟರ್ ಸಾಹೇಬರು ಇಂಥ ಸಿಪಾಯಿಗಳ ಬಗ್ಗೆ ಏನೇನೋ ಓದಿಕೊಂಡವರು. ಎಂಟು ದಿನ ಅವನನ್ನು ನೋಡಿ ಬರೆದಿಡು ಎಂದು ನನಗೊಂದು ನೋಟುಬುಕ್ಕು ಕೊಟ್ಟು ತಾವು ಹೈದರಾಬಾದಿಗೆ ಹೋದರು.

ನಾನು ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟಿದ್ದೆ, ಇವನು ಮೈಗಳ್ಳ ಎಂದು.

ಗಣಿಯವರಿಗೆ ಒಂದು ರೂಢಿಯಿದೆ. ಚಪ್ಪಡಿಯನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ, ಒಳಗೆ ಸೀಳಿದ್ದರೆ ಬದ್ದೆಂದು ಸತ್ತ ಸದ್ದು ಬರುತ್ತದೆ. ಮನುಷ್ಯನನ್ನೂ ಹಾಗೇ ತಟ್ಟಿ ನೋಡೋಣವೆಂದ ಕೂಲಿಗಳ ಮೇಲ್ವಿಚಾರಕ, ಮುಕಾದಮ. ನನಗೂ ಸರಿ ಎನಿಸಿತು. ಬುದ್ಧಿಗೇಡಿಗಳು ನಾವಿಬ್ಬರೂ. ಎಂಟನೆಯ ದಿನ ಶರಣಪ್ಪ ನನ್ನ ಪಕ್ಕದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಾಗ ಮುಕಾದಮ ಹಿಂದಿನಿಂದ ಬಂದು ಕಬ್ಬಿಣದ ತಗಡನ್ನು ಚಪ್ಪಡಿಯ ಮೇಲೆ ಎತ್ತಿ ಒಗೆದ. ಒಗೆದು, ನಗುತ್ತ ಹೊರಟೇ ಹೋದ.

ಶರಣಪ್ಪ ನನ್ನನ್ನು ಕೆಡವಿ ಮೇಲೆ ಬಿದ್ದು ತನ್ನ ಮೈಯಿಂದ ನನ್ನನ್ನು ಮುಚ್ಚಿದ. ಅವನ ಹಲ್ಲು ಕಟಕಟಿಸುವುದು ನನ್ನ ಕಿವಿಯಲ್ಲೇ ಕೇಳುತ್ತಿತ್ತು. ಎಲ್ಲಿಂದಲೋ ಕೊಳೆತ ಎಲೆಯ ವಾಸನೆ ಬಂತು. ಎದ್ದು ನೋಡಿದರೆ ನನ್ನ ಪಾಯಿಜಾಮ ಮೊಣಕಾಲವರೆಗೆ ತೊಯ್ದಿದೆ, ಹಿಮ್ಮಡಿಯ ಮೇಲೆ ರಕ್ತ ಕುಡಿದು ಉಬ್ಬಿದ ಒಂದು ಜಿಗಣೆ. ಅದು ಕಡುಬೇಸಿಗೆ, ಬಾವಿಗಳೂ ಬತ್ತಿದ್ದವು. ಜಿಗಣೆಯನ್ನು ನಾನು ಹಕೀಮರ ಗಡಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ.

ಕೀಳಲು ಹೋದರೆ ಶರಣಪ್ಪ ಕೈ ಹಿಡಿದ. ಅವನ ನಡುಕ ನಿಂತಿತ್ತು.

“ಜಗ್ಗಬ್ಯಾಡ್ರಿ, ಹಲ್ಲು ಒಳಗ ಉಳೀತಾವ” ಎಂದು ತಂಬಾಕಿನ ಚೀಲದಿಂದ ಸುಣ್ಣ ತೆಗೆದು ಹಚ್ಚಿದ. ಅದು ಉದುರಿ ಬಿತ್ತು, ಕಚ್ಚಿದಲ್ಲಿಂದ ರಕ್ತ ಇಳಿಯತೊಡಗಿತು. “ನಿಮಗೂ ಹತ್ತಿತಲ್ರಿ. ಈಗರ ಬರೀರಿ, ಇದು ಖರೇ ಅದ ಅಂತ.”

ಸಂಜೆ ನೋಟುಬುಕ್ಕು ತೆರೆದೆ. ಬೇನೆ ನಿಜವೆಂದರೆ ಹೇಗೆ ಗೊತ್ತಾಯಿತು ಎನ್ನುತ್ತಾರೆ, ಜಿಗಣೆ ಎಂದು ಬರೆದರೆ ನನಗೇ ಹುಚ್ಚೆನ್ನುತ್ತಾರೆ, ನನ್ನ ಅನ್ನಕ್ಕೇ ಕಲ್ಲು. ಕಚೇರಿಯ ಉರ್ದುವಿನಲ್ಲಿ ಒಂದೇ ಪದ ಬರೆದೆ: ಬಹಾನಾ. ಬರೀ ನೆಪ.

ಆ ಜಿಗಣೆ ಎಲ್ಲಿಂದ ಬಂತು, ಆ ನೀರು ಯಾವ ಕಾಡಿನದು, ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ಓದಿದ ಡಾಕ್ಟರರನ್ನು ಕೇಳಬಹುದಿತ್ತು. ಕೇಳಿದರೆ ನಾನು ಬರೆದದ್ದು ಸುಳ್ಳೆಂದು ಒಪ್ಪಬೇಕಾಗುತ್ತಿತ್ತು.

ಅದಾದ ಮೂರನೆಯ ದಿನ ಶರಣಪ್ಪನನ್ನು ತೆಗೆದುಹಾಕಿದರು. ಹೆಂಡತಿಯ ತಲೆಯ ಮೇಲೆ ಗಂಟು ಹೊರಿಸಿಕೊಂಡು ಸೇಡಂ ಕಡೆ ಹೊರಟವನು ದವಾಖಾನೆಯ ಬಾಗಿಲಲ್ಲಿ ನಿಂತ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ರಕ್ತ ನಿಂತದೇನ್ರಿ?” ಎಂದು ಕೇಳಿದ.

ನಿಂತಿದೆ ಎಂದೆ. ನಿಂತಿರಲಿಲ್ಲ.