ಹೂರಾದಲ್ಲಿ ಎರ್ನಿಯ ಮಾವನನ್ನು ಒಪ್ಪಿಸಿದ್ದು

ಕೊಲ್ಲಿ ದೇಶದ ಹೂರಾ ಪೇಟೆಯಲ್ಲಿ ನನ್ನ ಸೋದರಮಾವ ದಿನವೂ ಊಟ ಮಾಡುವ ಸಣ್ಣ ಹೋಟೆಲಿನಲ್ಲಿ ಎರ್ನಿ ಅಡುಗೆ ಮಾಡುತ್ತಾಳೆ. ಸುಮಾತ್ರಾದ ಮಿನಾಂಗ್ಕಬಾವ್ ಜನಾಂಗದ ಹೆಂಗಸು. ಅವರಲ್ಲಿ ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ. ಊರಿಗೆ ಮರಳಿ ಗ್ರಾಮಸಭೆಯ ಚುನಾವಣೆಗೆ ನಿಲ್ಲಬೇಕೆಂಬುದು ಅವಳ ಆಸೆ. ಅದಕ್ಕೆ ಮಾತ್ರ ಅವಳ ಸೋದರಮಾವ ಒಪ್ಪಬೇಕಂತೆ; ನನ್ನ ಮಾವನ ಜೊತೆ ನಾನೂ ಊಟಕ್ಕೆ ಹೋಗಿದ್ದಾಗ ಹೇಳಿದಳು.

"ನಮ್ಮ ಅಳಿಯಸಂತಾನವೂ ಹಾಗೆಯೇ ಅಲ್ವಾ ಮಾರಾಯ್ತಿ? ಆಸ್ತಿ ಹೆಂಗಸರದ್ದು, ತಲೆಬಿಸಿ ನಮ್ಮದು," ಎಂದರು ನನ್ನ ಮಾವ, ನನ್ನತ್ತ ತಿರುಗಿ.

"ಅದಕ್ಕೆ ತಲೆಬಿಸಿ ಅನ್ನುದಿಲ್ಲ ಮಾವ, ಯಜಮಾನಿಕೆ ಅನ್ನುದು," ಎಂದೆ.

ಅಷ್ಟರಲ್ಲಿ ಎರ್ನಿಯ ಮಾವ ವಿಡಿಯೋ ಕರೆಯಲ್ಲಿ ಬಂದರು. ಮನೆಯ ಹೆಂಗಸರ ಪರವಾಗಿ ಸಭೆಯಲ್ಲಿ ತಾನು ಮಾತಾಡುತ್ತಿರುವಾಗ ಇವಳೇಕೆ ನಿಲ್ಲಬೇಕು ಎಂಬುದು ಅವರ ವಾದ. ಎರ್ನಿ ಅದನ್ನು ಹಿಂದಿಯಲ್ಲಿ ನನಗೆ ಹೇಳಿದಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾನು ಸುಮ್ಮನಿರುವುದುಂಟೇ?

"ಅವರನ್ನು ಕೇಳಿ, ಮನೆಯ ಒಡತಿಗೆ ಬಾಯಿ ಇರುವಾಗ ನಡುವೆ ನಿಮಗೇನು ಕೆಲಸ? ನಿಮ್ಮನ್ನು ಆರಿಸಿದ್ದು ಯಾರು?" ಎಂದೆ ಎರ್ನಿಗೆ.

ನನ್ನ ಈ ಎರಡು ಪ್ರಶ್ನೆಗಳನ್ನು ಅನುವಾದಿಸಲು ಎರ್ನಿ ಐದು ನಿಮಿಷ ತೆಗೆದುಕೊಂಡಳು, ಅದೂ ತಲೆ ತಗ್ಗಿಸಿಕೊಂಡು. ಮುದುಕರು ಕಣ್ಣೊರೆಸಿಕೊಂಡರು. ಆಮೇಲೆ ಒಪ್ಪಿಯೂ ಬಿಟ್ಟರು.

"ನನ್ನ ಯಾವ ಪಾಯಿಂಟು ತಾಗಿತು?" ಎಂದು ಹೆಮ್ಮೆಯಿಂದ ಕೇಳಿದೆ.

"ನಿಮ್ಮದು ಒಂದನ್ನೂ ಹೇಳಲಿಲ್ಲ," ಎಂದಳು ಎರ್ನಿ. "ಇಷ್ಟು ವರ್ಷ ನಮಗಾಗಿ ಮಾತಾಡಿ ನಿಮ್ಮ ಗಂಟಲು ಸೋತಿದೆ ಮಾವ, ಇನ್ನು ನಿಮ್ಮ ಪರವಾಗಿ ನಾನು ಮಾತಾಡುತ್ತೇನೆ ಅಂದೆ."